ಪಿಂಕಿಯ ಪಂಕ್ತಿ

ಮೈಸೂರಿನ ನಮ್ಮ ಬಡಾವಣೆಯ ಪಾರ್ಕಿನಲ್ಲಿ ಬೆಳಿಗ್ಗೆ ಆರರಿಂದ ಏಳರವರೆಗೆ ನಡೆಯುವ ಸಭೆಗೆ ಅಧ್ಯಕ್ಷರಿಲ್ಲ, ಕಾರ್ಯಸೂಚಿಯೂ ಇಲ್ಲ. ಆದರೂ ಚರ್ಚೆಯ ವಿಷಯ ಯಾವತ್ತೂ ಒಂದೇ. ಹಗ್ಗದ ಒಂದು ತುದಿಗೆ ನಾಯಿ, ಇನ್ನೊಂದು ತುದಿಗೆ ಮನುಷ್ಯ ಇರುವ ಎರಡು ಜೋಡಿಗಳು ಎದುರಾದರೆ ನಾಯಿಗಳು ಮೂಸಿ ನೋಡಿ ಕುಶಲ ವಿಚಾರಿಸಿಕೊಳ್ಳುತ್ತವೆ. ಮನುಷ್ಯರು ಬಾಯಿಬಿಟ್ಟೇ ಕೇಳುತ್ತಾರೆ: "ಏನ್ ಹಾಕ್ತೀರಾ ಸಾರ್ ಇದಕ್ಕೆ?"

ಈ ಪ್ರಶ್ನೆಗೆ ಉತ್ತರ ಕೊಟ್ಟು ಸುಲಭವಾಗಿ ಪಾರಾದವರನ್ನು ನಾನು ಕಂಡಿಲ್ಲ. ಮೊಸರನ್ನ ಎಂದಿರೋ, ನಾಯಿಯ ಕಡೆಗೊಂದು ಅಯ್ಯೋ ಪಾಪ ಎನ್ನುವ ನೋಟ ಹರಿಯುತ್ತದೆ. ಪೆಡಿಗ್ರಿ ಎಂದಿರೋ (ಚೀಲದಲ್ಲಿ ಬರುವ ನಾಯಿ ಆಹಾರಕ್ಕೆಲ್ಲ ನಮ್ಮ ಕಡೆ ಅದೇ ಹೆಸರು, ಕಂಪನಿ ಯಾವುದಾದರೂ ಸರಿ), "ಅದೆಲ್ಲಾ ಬರೀ ಕೆಮಿಕಲ್ಲು ಸಾರ್" ಎಂಬ ತೀರ್ಪು. ಕೋಳಿ ಬೇಯಿಸಿ ಹಾಕುತ್ತೇವೆ ಎಂದರೆ ಮೂಳೆ ಸಮೇತವೋ ಮೂಳೆ ಬಿಡಿಸಿಯೋ ಎಂಬ ಉಪಪ್ರಶ್ನೆ. ಸೈನ್ಯದಿಂದ ನಿವೃತ್ತರಾದ ಹಿರಿಯರೊಬ್ಬರು ಹಸಿ ಮಾಂಸದ ಪಕ್ಷ. ಮೂಳೆ ಕಡಿಯದ ನಾಯಿ ನಾಯಿಯೇ ಅಲ್ಲ ಎಂದು ಅವರು ನಮ್ಮ ಪಿಂಕಿಯ ಎದುರಿಗೇ ಹೇಳಿದ್ದಾರೆ. ಹೊಸದಾಗಿ ಬಂದ ಸಾಫ್ಟ್‌ವೇರ್ ದಂಪತಿಯ ನಾಯಿ ವಿದೇಶದ ಸಾಲ್ಮನ್ ಮೀನು ಬೆರೆಸಿದ ಕಾಳು ತಿನ್ನುತ್ತದೆ. ಹಾಲಿನ ಹುಡುಗ ಮಾತ್ರ ಈ ಚರ್ಚೆಗೆ ಸೇರದೆ, ಸೈಕಲ್ಲಿನಿಂದ ಇಳಿಯದೆಯೇ ಬೀದಿ ನಾಯಿಗಳಿಗೆ ಗ್ಲೂಕೋಸ್ ಬಿಸ್ಕತ್ತು ಎಸೆದು ಹೋಗುತ್ತಾನೆ. ಬಾಲದ ಮತದಾನ ನಡೆದರೆ ಪಾರ್ಕಿನಲ್ಲಿ ಗೆಲ್ಲುವವನು ಅವನೇ.

ನಾಯಿಗೆ ಏನು ಹಾಕಬೇಕೆಂದು ಹೇಳಹೊರಟವರು ತಮಗೇ ಗೊತ್ತಿಲ್ಲದಂತೆ ತಮ್ಮ ಜಾತಿ, ಸಂಬಳ, ಬಿ.ಪಿ., ಊರು ಎಲ್ಲವನ್ನೂ ಹೇಳಿಬಿಡುತ್ತಾರೆ. ಸಕ್ಕರೆ ಕಾಯಿಲೆಯವರು ಅನ್ನ ಬೇಡ ಎನ್ನುತ್ತಾರೆ. ಹಾಸನದವರು ರಾಗಿಮುದ್ದೆ ಎನ್ನುತ್ತಾರೆ. ಮುಧೋಳದ ಕಡೆಯಿಂದ ವರ್ಗವಾಗಿ ಬಂದಿದ್ದ ಬ್ಯಾಂಕಿನವರೊಬ್ಬರು ಜೋಳದ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಹಾಕಿ ಬೆಳೆಸಿದ ಬೇಟೆ ನಾಯಿಗಳ ಓಟವನ್ನು ಎಷ್ಟು ವರ್ಣಿಸಿದರೆಂದರೆ, ಕೇಳುತ್ತಿದ್ದ ಲ್ಯಾಬ್ರಡಾರ್ ಒಂದು ಆಯಾಸದಿಂದ ಮಲಗಿಬಿಟ್ಟಿತು.

ನಮ್ಮ ಪಿಂಕಿಯನ್ನು ಕೊಟ್ಟವರು ಪಾಮೇರಿಯನ್ ಎಂದು ಹೇಳಿ ಕೊಟ್ಟಿದ್ದರು. ಪಶುವೈದ್ಯರು ಒಮ್ಮೆ ಮೂತಿ, ಒಮ್ಮೆ ಬಾಲ ನೋಡಿ ಇಂಡಿಯನ್ ಸ್ಪಿಟ್ಜ್ ಎಂದು ಬರೆದರು. ನಮ್ಮ ಊರುಗಳಲ್ಲಿ ಪಾಮೇರಿಯನ್ ಎಂದು ಕರೆಸಿಕೊಳ್ಳುವ ಬಿಳಿ ನಾಯಿಗಳ ಅಸಲು ಕುಲ ಹೆಚ್ಚಾಗಿ ಇದೇ. ಪಿಂಕಿಗೆ ಇದರಿಂದ ಬೇಸರವೇನೂ ಆಗಲಿಲ್ಲ. ಅವಳ ಅಭಿಮಾನವಿದ್ದದ್ದು ಕುಲದ ಬಗ್ಗೆ ಅಲ್ಲ, ಅಮ್ಮನ ಮೊಸರನ್ನದ ಬಗ್ಗೆ. ಮಧ್ಯಾಹ್ನ ಹನ್ನೆರಡೂವರೆಗೆ ಅಮ್ಮ ಅನ್ನವನ್ನು ಮೆತ್ತಗೆ ಕಿವುಚಿ, ಮೊಸರು ಬೆರೆಸಿ, ಒಂದು ತೊಟ್ಟು ತುಪ್ಪ ಬಿಟ್ಟು ಹಿತ್ತಲ ಬಾಗಿಲಿಗೆ ತರುತ್ತಿದ್ದಳು. ಏಕಾದಶಿ ದಿನ ಅವಲಕ್ಕಿ. ದ್ವಾದಶಿಯ ಪಾರಣೆ ಬೇಗ ಆಗುತ್ತದೆಂಬುದು ಪಂಚಾಂಗ ನೋಡದೆಯೇ ಪಿಂಕಿಗೆ ತಿಳಿದಿತ್ತು.

ಬೆಂಗಳೂರಿನಲ್ಲಿರುವ ಮಗಳಿಗೆ ಇದು ಸರಿಬರಲಿಲ್ಲ. "ಅಜ್ಜಿ, ಅದು ನಾಯಿ. ನಿನ್ನ ಥರ ಮಡಿ ಹೆಂಗಸಲ್ಲ" ಎಂದು ಫೋನಿನಲ್ಲೇ ವಾದಿಸಿ, ಹತ್ತು ಕೇಜಿಯ ಚೀಲವೊಂದನ್ನು ಮನೆಗೆ ಕಳಿಸಿಕೊಟ್ಟಳು. ಚೀಲದ ಮೇಲೆ ಹಲ್ಲು ಬಿಟ್ಟು ನಗುವ ನಾಯಿಯ ಚಿತ್ರ. ಅಮ್ಮ ಕನ್ನಡಕ ಹಾಕಿಕೊಂಡು ಅದನ್ನು ನೋಡಿ, "ಇದರ ಹಲ್ಲು ಯಾರು ಉಜ್ಜುತ್ತಾರಂತೆ?" ಎಂದಳು. ಆಗ ನಾವೆಲ್ಲ ನಕ್ಕೆವು.

ಈ ಚೀಲದ ಆಹಾರದ ವಂಶಾವಳಿ ಸ್ವಾರಸ್ಯವಾಗಿದೆ. ಅಮೆರಿಕದ ಓಹಾಯೋ ಸೀಮೆಯ ಜೇಮ್ಸ್ ಸ್ಪ್ರಾಟ್ ಎಂಬಾತ ಸಿಡಿಲು ಬಡಿಯದಂತೆ ಕಟ್ಟಡಕ್ಕೆ ಹಾಕುವ ಕಂಬಿಗಳನ್ನು ಮಾರಲು ಇಂಗ್ಲೆಂಡಿಗೆ ಹೋದನಂತೆ. ಹಡಗಿನವರು ಬಿಸಾಡಿದ ಕಲ್ಲಿನಂಥ ಬಿಸ್ಕತ್ತನ್ನು ಹಡಗುಕಟ್ಟೆಯ ನಾಯಿಗಳು ಕಚ್ಚಾಡಿ ತಿನ್ನುವುದು ಅವನ ಕಣ್ಣಿಗೆ ಬಿತ್ತು. ಗೋಧಿ, ತರಕಾರಿ, ಮಾಂಸದ ಅಂಶ ಸೇರಿಸಿ ನಾಯಿಗೆಂದೇ ಬಿಸ್ಕತ್ತು ಮಾಡಿ 1860ರ ದಶಕದಲ್ಲಿ ಲಂಡನ್ನಿನಲ್ಲಿ ಮಾರತೊಡಗಿದ. ಅವನ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ ಚಾರ್ಲ್ಸ್ ಕ್ರಫ್ಟ್ ಎಂಬ ಹುಡುಗ ಮುಂದೆ 1891ರಲ್ಲಿ ತನ್ನ ಹೆಸರಿನಲ್ಲೇ ನಾಯಿ ಪ್ರದರ್ಶನ ಶುರುಮಾಡಿದ. ಅದು ಇವತ್ತಿಗೂ ನಡೆಯುತ್ತಿದೆ. ಹಿಟ್ಟನ್ನು ಬಿಸಿ ಒತ್ತಡದಲ್ಲಿ ನೂಕಿ ಉಬ್ಬಿಸಿ ಮಾಡುವ ಈಗಿನ ಒಣ ಕಾಳು ಪೇಟೆಗೆ ಬಂದದ್ದು 1957ರಲ್ಲಿ. ಅಂದರೆ ನಾಯಿ ಮನುಷ್ಯನ ಜೊತೆ ಸಾವಿರಾರು ವರ್ಷ ಬಾಳಿದ್ದರಲ್ಲಿ ಚೀಲದ ಊಟ ಉಂಡದ್ದು ಮೊನ್ನೆಯಿಂದ. ಅದಕ್ಕೂ ಮುಂಚೆ ನಾವು ಉಂಡು ಉಳಿದದ್ದೇ ಅದರ ಪಾಲು.

ಈ ಕಡೆಯ ಮಾತನ್ನು ನಾನು ಅಮ್ಮನಿಗೆ ಹೇಳಬಾರದಿತ್ತೇನೋ. ಅದರ ಮೇಲೆ ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದವರು 2013ರಲ್ಲಿ ಪ್ರಕಟಿಸಿದ ಸಂಗತಿಯನ್ನೂ ಹೇಳಿದೆ. ಪಿಷ್ಟವನ್ನು ಅರಗಿಸುವ ಕಿಣ್ವಕ್ಕೆ ಕಾರಣವಾದ ಜೀನು ತೋಳಕ್ಕೆ ಎರಡೇ ಪ್ರತಿ, ನಾಯಿಗೆ ನಾಲ್ಕರಿಂದ ಮೂವತ್ತರವರೆಗೆ. ಮನುಷ್ಯ ಬೇಸಾಯ ಕಲಿತು ಊರಲ್ಲಿ ನಿಂತ ಮೇಲೆ ಅವನ ಎಂಜಲು ತಿಂದು ತಿಂದು ನಾಯಿಯ ಹೊಟ್ಟೆಯೂ ಸಂಸಾರಕ್ಕೆ ಒಗ್ಗಿಕೊಂಡಿತು ಎಂಬುದು ತಾತ್ಪರ್ಯ. "ನೋಡಿದೆಯಾ, ಅನ್ನ ಉಣ್ಣೋಕೇ ಹುಟ್ಟಿದ ಜೀವ ಅದು" ಎಂದು ಅಮ್ಮ ಸ್ವೀಡನ್ನನ್ನು ತನ್ನ ಕಡೆಗೆ ಹಾಕಿಕೊಂಡಳು. ಆ ತಿಂಗಳಿಡೀ ಚೀಲದ ಬಾಯಿ ಬಿಚ್ಚಲಿಲ್ಲ.

ಹಾಗೆ ನೋಡಿದರೆ ನಮ್ಮ ನಾಡಿನಲ್ಲಿ ದೇವರ ನಾಯಿಗೂ ಸಿಹಿಯೂಟವೇ. ಮೈಲಾರಲಿಂಗನ ಗೊರವರು ತಾವು ದೇವರ ನಾಯಿಗಳೆಂದು ಬೊಗಳುತ್ತಾ ಬಂದು, ದೋಣಿ ಎಂಬ ಪಾತ್ರೆಯಲ್ಲಿ ಕಲಸಿಟ್ಟ ಹಾಲು, ಬಾಳೆಹಣ್ಣು, ಬೆಲ್ಲ, ತುಪ್ಪಕ್ಕೆ ಬಾಯಿ ಹಾಕಿ ತಿನ್ನುತ್ತಾರೆ. ಬೇಟೆಗಾರ ದೇವರ ಹಿಂದೆ ಓಡಿದ ನಾಯಿಗೆ ಭಕ್ತರು ಬಡಿಸುವುದು ರಸಾಯನ! ಇನ್ನು ಮದ್ದೂರು ತಾಲ್ಲೂಕಿನ ಆತಕೂರಿನ ಕಥೆ ಎಲ್ಲರೂ ಬಲ್ಲದ್ದು. ಮಣಲೆರನೆಂಬ ವೀರನ ಶೌರ್ಯಕ್ಕೆ ಮೆಚ್ಚಿದ ಅರಸ ಏನು ಬೇಕೆಂದು ಕೇಳಿದರೆ ಅವನು ಊರು ಕೇರಿ ಕೇಳದೆ ಕಾಳಿ ಎಂಬ ಬೇಟೆ ನಾಯಿಯನ್ನು ಕೇಳಿ ಪಡೆದ. ಆ ಕಾಳಿ ಕಾಡುಹಂದಿಯೊಡನೆ ಕಾದಿ, ಅದನ್ನು ಕೊಂದು ತಾನೂ ಸತ್ತಿತು. ಅದರ ನೆನಪಿಗೆ ಕ್ರಿ.ಶ. 949-50ರ ಸುಮಾರಿನಲ್ಲಿ ನಿಲ್ಲಿಸಿದ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಲ್ಲಿನ ಪೂಜೆಗೆ ಭೂಮಿ ಬಿಟ್ಟವರು ಒಂದು ಷರತ್ತನ್ನೂ ಕೆತ್ತಿಸಿದ್ದಾರೆ: ಅಲ್ಲಿನ ಗೊರವ ಈ ಕಲ್ಲನ್ನು ಪೂಜಿಸದೆ ಉಂಡರೆ ಅವನಿಗೆ ಪಾಪ. ಕಾಳಿಗೆ ಸಲ್ಲಬೇಕಾದದ್ದು ಸಂದ ಮೇಲೆ ಉಳಿದವರ ಎಲೆ. ನಮ್ಮ ಮನೆಯಲ್ಲಿ ಪಿಂಕಿಯ ತಟ್ಟೆ ನನ್ನ ತಟ್ಟೆಗಿಂತ ಮೊದಲು ಬೀಳುವುದಕ್ಕೆ ಸಾವಿರ ವರ್ಷದ ಶಾಸನಾಧಾರ ಇದೆಯೆಂದು ತಿಳಿದು ನಾನು ಸುಮ್ಮನಾಗಿದ್ದೇನೆ. ಜೀವಂತವಿದ್ದಾಗ ಕಾಳಿಗೆ ಏನು ಹಾಕುತ್ತಿದ್ದರೆಂದು ಮಾತ್ರ ಶಾಸನದಲ್ಲಿಲ್ಲ. ಇದ್ದಿದ್ದರೆ ಪಾರ್ಕಿನ ಸಭೆಯಲ್ಲಿ ಮಂಡಿಸಬಹುದಿತ್ತು.

ಈಚಿನ ಶಾಸನವೂ ಒಂದುಂಟು. 2025ರ ಜುಲೈನಲ್ಲಿ ಆಗಿನ ಬಿಬಿಎಂಪಿ, ಬೆಂಗಳೂರಿನ ಸುಮಾರು 5000 ಬೀದಿ ನಾಯಿಗಳಿಗೆ ಕೋಳಿ, ಅಕ್ಕಿ, ತರಕಾರಿ ಸೇರಿಸಿ ಬೇಯಿಸಿದ ಊಟ ಹಾಕುವ ಯೋಜನೆ ಹೊರಡಿಸಿತು. ಊಟವೊಂದಕ್ಕೆ 22 ರೂಪಾಯಿ ಚಿಲ್ಲರೆ. ಶಾಲೆ ಮಕ್ಕಳಿಗೆ ಮೊಟ್ಟೆ ಕೊಡಬೇಕೇ ಬೇಡವೇ ಎಂದು ವರ್ಷಗಟ್ಟಲೆ ಜಗಳವಾಡಿದ ರಾಜ್ಯದಲ್ಲಿ ಆಮೇಲೆ ಏನಾಯಿತೆಂದು ಹೇಳಬೇಕಾಗಿಲ್ಲ. ಪಾರ್ಕಿನಲ್ಲಿ ಅಂದು ಒಂದು ಗಂಟೆ ಹೆಚ್ಚುವರಿ ಅಧಿವೇಶನ ನಡೆಯಿತು. ಆ ಪಾಕದಲ್ಲಿ ತಪ್ಪೇನೂ ಇರಲಿಲ್ಲವೆಂಬುದು ನನ್ನ ಅಭಿಪ್ರಾಯ. ಮನೆ ನಾಯಿಗಳೆಷ್ಟೋ ಅದಕ್ಕಿಂತ ಕೆಟ್ಟದ್ದನ್ನು ಉಣ್ಣುತ್ತವೆ. ನಾನಿದನ್ನು ಅಂದು ಗಟ್ಟಿಯಾಗಿ ಹೇಳಲಿಲ್ಲ, ಅಷ್ಟೆ.

ಇಷ್ಟೆಲ್ಲ ಮಾತು ಬಾಯಿಯ ಒಳಗೆ ಹೋಗುವುದರ ಬಗ್ಗೆ. ಬಾಯಿಯ ಬಗ್ಗೆ ಯಾರೂ ಕೇಳಿರಲಿಲ್ಲ. ಅದನ್ನು ಎತ್ತಿದವರು ಊರಿನಿಂದ ಬಂದ ನಮ್ಮ ಸೋದರತ್ತೆ. ಪಿಂಕಿ ಪ್ರೀತಿಯಿಂದ ಅವರ ಮುಖದ ಹತ್ತಿರ ಹೋಗಿ ಆಕಳಿಸಿದ್ದೇ, ಸೆರಗು ಮೂಗಿಗೆ ಹಿಡಿದು, "ಏನೋ ಇದು, ಸತ್ತ ಇಲಿ ಗಿಲಿ ತಿಂದಿದೆಯೇನೋ" ಎಂದರು. ನಾಯಿಯ ಬಾಯಿ ಎಂದ ಮೇಲೆ ನಾಯಿಯ ಬಾಯಿಯ ವಾಸನೆ ಇದ್ದೇ ಇರುತ್ತದೆಂದು ನಾವೆಲ್ಲ ನಂಬಿದ್ದೆವು. ಡಾಕ್ಟರು ನಂಬಲಿಲ್ಲ. ಮೇಜಿನ ಮೇಲೆ ನಿಲ್ಲಿಸಿ, ಹೆಬ್ಬೆರಳಿಂದ ಮೇಲ್ದುಟಿ ಎತ್ತಿ, "ಬನ್ನಿ, ನೋಡಿ" ಎಂದರು. ಮುಂದಿನ ಹಲ್ಲುಗಳು ಬಿಳಿಯಾಗೇ ಇದ್ದವು. ಹಿಂದಿನ ದೊಡ್ಡ ಹಲ್ಲುಗಳ ಮೇಲೆ ಕಂದು ಬಣ್ಣದ ಗಟ್ಟಿ ಪದರ, ಅದರ ಅಂಚಿಗೆ ಕೆಂಪಗೆ ಊದಿದ ವಸಡು.

ಆ ಡಾಕ್ಟರು ಮಾತು ಬಲ್ಲವರು. ಮರಿಯಾಗಿದ್ದಾಗ 28 ಹಾಲುಹಲ್ಲು, ಅವು ಬಿದ್ದ ಮೇಲೆ 42. ನಮಗಿಂತ ಹತ್ತು ಹೆಚ್ಚು. ನಾಯಿಯ ಜೊಲ್ಲು ನಮ್ಮದಕ್ಕಿಂತ ಕ್ಷಾರೀಯ. ಅದರಿಂದ ಒಂದು ಲಾಭ, ಒಂದು ನಷ್ಟ. ನಮ್ಮ ಹಾಗೆ ಹಲ್ಲು ಹುಳುಕಾಗುವುದು ಅಪರೂಪ, ಆದರೆ ಪಾಚಿ ಬೇಗ ಗಟ್ಟಿಯಾಗುತ್ತದೆ. ಇವತ್ತು ಹಲ್ಲಿನ ಮೇಲೆ ಕೂತ ಲೋಳೆ ಎರಡು ಮೂರು ದಿನದಲ್ಲಿ ಜೊಲ್ಲಿನ ಸುಣ್ಣದಂಶ ಹೀರಿ ಟಾರ್ಟರ್ ಆಗತೊಡಗುತ್ತದೆ. ಆಮೇಲೆ ಬ್ರಷ್ಷಿಗೆ ಬಗ್ಗುವುದಿಲ್ಲ. ಅದರ ಮರೆಯಲ್ಲಿ ಸೂಕ್ಷ್ಮಾಣುಗಳು ವಸಡಿನ ಕೆಳಗಿಳಿದು ಹಲ್ಲು ಹಿಡಿದಿರುವ ಮೂಳೆಯನ್ನೇ ಸಡಿಲಿಸುತ್ತವೆ. ಚಿಕ್ಕ ನಾಯಿಗಳ ಪುಟ್ಟ ದವಡೆಯಲ್ಲೂ ಅದೇ 42 ಹಲ್ಲು ಒತ್ತೊತ್ತಾಗಿ ಕೂರಬೇಕಾದ್ದರಿಂದ ಪಿಂಕಿಯಂಥವರಿಗೆ ಈ ಕಾಟ ಹೆಚ್ಚು.

"ಆದ್ರೆ ಊಟ ಚೆನ್ನಾಗಿ ಮಾಡ್ತಾಳಲ್ಲ ಡಾಕ್ಟ್ರೇ?" ಎಂದೆ.

"ಮಾಡ್ತಾಳೆ ಸಾರ್. ನೋವಿದ್ರೂ ತಿಂತಾವೆ. ಬೇಕಾದ್ರೆ ಒಂದು ಕಡೆ ದವಡೆ ಬಿಟ್ಟು ಇನ್ನೊಂದು ಕಡೆ ಅಗೀತಾವೆ. ನಾಯಿ ಹಲ್ಲುನೋವು ಅಂತ ರಜಾ ಹಾಕಲ್ಲ."

ಮಗಳ ಪಕ್ಷ ಎತ್ತಿ ಹಿಡಿಯೋಣವೆಂದು ನಾನು, ಹಾಗಾದರೆ ಮೆತ್ತಗಿನ ಮೊಸರನ್ನ ಬಿಡಿಸಿ ಗಟ್ಟಿ ಕಾಳು ಹಾಕಿದರೆ ಹಲ್ಲು ತಾನಾಗಿ ಉಜ್ಜಿದಂತಾಗುತ್ತದಲ್ಲವೇ ಎಂದು ಕೇಳಿದೆ. ಡಾಕ್ಟರು ನಕ್ಕು, "ನೀವು ಚಕ್ಕುಲಿ ತಿಂದ್ರೆ ಹಲ್ಲು ಕ್ಲೀನ್ ಆಗುತ್ತಾ?" ಎಂದರು. ಸಾಮಾನ್ಯ ಕಾಳು ಹಲ್ಲಿನ ತುದಿ ತಾಗಿದೊಡನೆ ಪುಡಿಯಾಗುತ್ತದೆ, ವಸಡಿನ ಅಂಚಿಗೆ ಅದು ಮುಟ್ಟುವುದೇ ಇಲ್ಲ. ಹಲ್ಲಿಗೆಂದೇ ಮಾಡಿದ ಕಾಳುಗಳು ಬೇರೆ ಇವೆ. ಗಾತ್ರ ದೊಡ್ಡದು, ಒಳಗೆ ನಾರು ಹೆಣೆದಿರುತ್ತದೆ, ಹಲ್ಲು ಇಡಿಯಾಗಿ ಒಳಗಿಳಿದು ಹೊರಬರುವಾಗ ಬದಿ ಒರೆಸಿಕೊಂಡು ಬರುತ್ತದೆ. ಹಲ್ಲಿಗೆ ಒಳ್ಳೆಯದು ಎಂದು ಯಾರು ಬೇಕಾದರೂ ಚೀಲದ ಮೇಲೆ ಅಚ್ಚು ಹಾಕಿಸಬಹುದು. ಅಮೆರಿಕದ ಪಶು ದಂತವೈದ್ಯರು 1997ರಲ್ಲಿ ಕಟ್ಟಿಕೊಂಡ ವಿ.ಒ.ಎಚ್.ಸಿ. ಎಂಬ ಮಂಡಳಿ ಪರೀಕ್ಷೆಯ ಫಲಿತಾಂಶ ನೋಡಿ ಮುದ್ರೆ ಕೊಡುತ್ತದೆ. ಕೊಳ್ಳುವುದಾದರೆ ಆ ಮುದ್ರೆ ಇದ್ದದ್ದನ್ನು ಕೊಳ್ಳಿ ಎಂದರು. ಮುಗುಳ್ನಗುವ ನಾಯಿಯ ಚಿತ್ರಕ್ಕೆ ಯಾವ ಮಂಡಳಿಯ ಪರವಾನಗಿಯೂ ಬೇಡ.

ಸೈನ್ಯದ ಹಿರಿಯರ ಮೂಳೆಯ ವಾದವನ್ನೂ ಮಂಡಿಸಿದೆ. ಡಾಕ್ಟರು ಮೇಲಿನ ದವಡೆಯ ಹಿಂದಿನ ದೊಡ್ಡ ಹಲ್ಲನ್ನು ಬೆರಳಿಟ್ಟು ತೋರಿಸಿದರು. ಕತ್ತರಿಸುವ ಕೆಲಸವೆಲ್ಲ ಇದರದ್ದು. ಗಟ್ಟಿ ಮೂಳೆ, ಕೊಂಬು ಕಡಿದು ಸೀಳು ಹೋಗುವುದೂ ಹೆಚ್ಚಾಗಿ ಇದೇ. ಬೇಯಿಸಿದ ಮೂಳೆಯಂತೂ ಚೂಪಾಗಿ ಸಿಬಿರೆದ್ದು ಗಂಟಲಿಗೋ ಕರುಳಿಗೋ ಚುಚ್ಚುತ್ತದೆ. ಉಗುರು ಒತ್ತಿದರೆ ಗುರುತು ಬೀಳದಷ್ಟು ಗಟ್ಟಿ ವಸ್ತುವನ್ನು ಅಗಿಯಲು ಕೊಡಬೇಡಿ ಎಂಬುದು ಅವರ ಸೂತ್ರ. ಇದನ್ನು ಪಾರ್ಕಿನಲ್ಲಿ ಹೇಳಿದಾಗ ಹಿರಿಯರು, "ನಮ್ಮ ರೆಜಿಮೆಂಟಿನ ನಾಯಿಗಳನ್ನ ನೀವು ನೋಡಿಲ್ಲ" ಎಂದು ಮಾತು ಮುಗಿಸಿದರು.

ಪಿಂಕಿಗೆ ಅರಿವಳಿಕೆ ಕೊಟ್ಟು ಹಲ್ಲು ಕೆರೆದು ಸ್ವಚ್ಛಗೊಳಿಸಿದ್ದಾಯಿತು. ಎರಡು ಹಲ್ಲು ಉಳಿಯಲಿಲ್ಲ. ನಂತರ ಬಂತು ದಿನವೂ ಹಲ್ಲುಜ್ಜುವ ವಿಧಿ. ನಮ್ಮ ಪೇಸ್ಟ್ ಆಗದು: ಫ್ಲೋರೈಡ್ ಇರುತ್ತದೆ, ನಾಯಿಗೆ ಮುಕ್ಕಳಿಸಿ ಉಗಿಯಲು ಬರುವುದಿಲ್ಲ. ಕೆಲವು ಪೇಸ್ಟ್‌ಗಳಲ್ಲಿ, ಸಕ್ಕರೆ ಇಲ್ಲದ ಚೂಯಿಂಗ್ ಗಮ್ಮಿನಲ್ಲಿ ಇರುವ ಜೈಲಿಟಾಲ್ ಎಂಬ ಸಿಹಿ ನಾಯಿಯ ರಕ್ತದ ಸಕ್ಕರೆಯನ್ನು ಏಕಾಏಕಿ ಇಳಿಸಿ ಪ್ರಾಣಕ್ಕೇ ತರುತ್ತದೆ. ನಾಯಿಗೆ ನಾಯಿಯದೇ ಪೇಸ್ಟ್ ಬೇಕು. ಅಂಗಡಿಯವನ ಹತ್ತಿರ ಇದ್ದದ್ದು ಒಂದೇ ರುಚಿ, ಕೋಳಿ.

"ಮಗ್ಗುಲಲ್ಲಿ ದೇವರ ಮನೆ ಇಟ್ಕೊಂಡು ಕೋಳಿ ಪೇಸ್ಟಾ?" ಎಂದು ಅಮ್ಮ ಕೂತಲ್ಲಿಂದ ಎದ್ದಳು. ಸಂಧಾನಕ್ಕೆ ವಾರವೇ ಹಿಡಿಯಿತು. ಮೊಟ್ಟೆಯ ವಿಷಯದಲ್ಲಿ ಆದಂತೆಯೇ ಇದೂ ಆಯಿತು. ಮೊಟ್ಟೆಯ ಕಥೆ ಹೇಳಬೇಕು: ಮೊಸರನ್ನ ವಿಷವೇನಲ್ಲ, ಆದರೆ ಅದೊಂದೇ ಆದರೆ ಸಾಲದು ಎಂದು ಡಾಕ್ಟರು ಲೆಕ್ಕ ಬಿಡಿಸಿದ್ದರು. ಬೆಳೆದ ನಾಯಿಯ ಆಹಾರದಲ್ಲಿ ನೀರಿನಂಶ ಕಳೆದು ಉಳಿದದ್ದರಲ್ಲಿ ಶೇ. 18ರಷ್ಟಾದರೂ ಪ್ರೋಟೀನ್ ಇರಬೇಕೆಂಬುದು ಅಮೆರಿಕದ ಆಹಾರ ನಿಯಂತ್ರಕರ ಕನಿಷ್ಠ ಮಟ್ಟ, ಮರಿಗೆ 22.5. ಅನ್ನಕ್ಕೆ ಎಷ್ಟು ಮೊಸರು ಸುರಿದರೂ ಅಲ್ಲಿಗೆ ಮುಟ್ಟುವುದು ಕಷ್ಟ. ಸತು, ತಾಮ್ರ, ಸುಣ್ಣದಂಶಗಳ ಮಾತು ಬೇರೆ. ಕಡೆಗೆ ಹಿತ್ತಲ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಒಂದು ಪುಟ್ಟ ಒಲೆ, ಒಂದು ಪಾತ್ರೆ ಪ್ರತ್ಯೇಕ ಪ್ರತಿಷ್ಠಾಪನೆಗೊಂಡು ಪಿಂಕಿಯ ಮೊಟ್ಟೆ ಅಲ್ಲಿ ಬೇಯತೊಡಗಿತು. ಕೋಳಿ ಪೇಸ್ಟ್‌ಗೂ ಅದೇ ಕಲ್ಲಿನ ಮೇಲೆ ಜಾಗ ಸಿಕ್ಕಿತು. ಚೀಲದ ಕಾಳು ಬೆಳಿಗ್ಗೆ, ಮೊಟ್ಟೆಯೊಂದಿಗೆ ಒಂದು ಹಿಡಿ ಮೊಸರನ್ನ ಮಧ್ಯಾಹ್ನ. ಮಗಳೂ ಗೆದ್ದಳು, ಅಮ್ಮನೂ ಗೆದ್ದಳು. ಉಜ್ಜುವ ಕೆಲಸ ನನ್ನ ಪಾಲಿಗೆ ಬಂತು.

ಬೆರಳಿಗೆ ಸಿಕ್ಕಿಸಿಕೊಳ್ಳುವ ರಬ್ಬರ್ ಬ್ರಷ್ಷಿನಿಂದ ಹಲ್ಲುಗಳ ಹೊರಮೈ ಉಜ್ಜಿದರೆ ಸಾಕು. ಒಳಮೈಯನ್ನು ನಾಲಿಗೆ ಸುಮಾರಾಗಿ ನೋಡಿಕೊಳ್ಳುತ್ತದೆ. ಮೊದಲ ಕೆಲವು ದಿನ ಪೇಸ್ಟ್ ನೆಕ್ಕಿಸುವುದು, ಆಮೇಲೆ ತುಟಿ ಎತ್ತುವುದು, ಆಮೇಲೆ ಉಜ್ಜುವುದು. ಪಿಂಕಿಗೆ ಈಗ ಇದು ಮೂರನೆಯ ಊಟ. ನನ್ನ ಬೆರಳಿನ ಮೇಲೆ ಹಲ್ಲಿನ ಗುರುತು ಬಿದ್ದದ್ದುಂಟು. ಅದು ಸಿಟ್ಟಿನದಲ್ಲ, ರುಚಿಯದು.

ಹಲ್ಲಿನ ಚಿಂತೆ ಇಷ್ಟಾದರೆ ಸೊಂಟದ್ದು ಇನ್ನೊಂದು. ಏನು ಹಾಕಬೇಕು ಎಂದು ಕೇಳುವವರಲ್ಲಿ ಎಷ್ಟು ಹಾಕಬೇಕು ಎಂದು ಕೇಳುವವರು ಕಡಿಮೆ. ಅಮೆರಿಕದಲ್ಲಿ 48 ಲ್ಯಾಬ್ರಡಾರ್ ಮರಿಗಳನ್ನು ಜೋಡಿ ಮಾಡಿ, ಜೋಡಿಯಲ್ಲಿ ಒಂದು ತಿಂದದ್ದಕ್ಕಿಂತ ಕಾಲು ಭಾಗ ಕಡಿಮೆ ಇನ್ನೊಂದಕ್ಕೆ ಹಾಕಿ ಬಾಳಿನುದ್ದಕ್ಕೂ ಲೆಕ್ಕ ಇಟ್ಟರು. 2002ರಲ್ಲಿ ಬಂದ ಫಲಿತಾಂಶದಂತೆ ಕಡಿಮೆ ತಿಂದವು ನಡುಮಟ್ಟದಲ್ಲಿ 13 ವರ್ಷ ಬಾಳಿದವು, ಉಳಿದವು 11.2. ಇದನ್ನು ಕೇಳಿ ಅಮ್ಮ ಕಣ್ಣು ಒರೆಸಿಕೊಂಡು, "ಅಷ್ಟು ವರ್ಷ ಅರೆಹೊಟ್ಟೇಲಿ ಇಟ್ರಾ ಪಾಪಿಗಳು!" ಎಂದಳು. ಆಯಸ್ಸು ಹೆಚ್ಚಿದ್ದು ಅವಳ ಕಿವಿಗೆ ಬೀಳಲಿಲ್ಲ. ಪಿಂಕಿಯ ಪಕ್ಕೆಗಳನ್ನು ಬೆರಳಿನಿಂದ ಸವರಿದರೆ ತುಪ್ಪಳದಡಿ ಎಲುಬು ತಾಗಬೇಕು, ಮೇಲಿನಿಂದ ನೋಡಿದರೆ ಸೊಂಟ ಕಾಣಬೇಕು ಎಂದು ಡಾಕ್ಟರು ಹೇಳಿದ್ದಾರೆ. ಅಮ್ಮ ಕೊಡುವ ದೋಸೆಯ ಅಂಚು, ಕೆಲಸದವಳು ಕೊಡುವ ಮಾರಿ ಬಿಸ್ಕತ್ತು, ಎದುರುಮನೆ ಮೇಷ್ಟ್ರು ಗೇಟಿನ ಸಂದಿಯಲ್ಲಿ ಕೊಡುವ ಖಾರಾಬೂಂದಿ ಯಾವ ಲೆಕ್ಕಕ್ಕೂ ಸೇರದೆ ಹೊಟ್ಟೆಗೆ ಸೇರುತ್ತವೆ. ಎಲ್ಲರದೂ ಒಂದೇ ಮಾತು: "ನಾನು ಕೊಟ್ಟಿದ್ದು ಇಷ್ಟೇ."

ನಾಯಿ ಹೊಟ್ಟೆಗೆ ತುಪ್ಪ ದಕ್ಕೀತೇ ಎಂದು ಹಿರಿಯರು ಆಡಿಕೊಂಡದ್ದರಲ್ಲಿ ವೈದ್ಯಶಾಸ್ತ್ರವೂ ಇದೆ. ಒಮ್ಮೆಲೇ ಜಿಡ್ಡು ಹೆಚ್ಚಾದರೆ ನಾಯಿಯ ಮೇದೋಜೀರಕ ಊದಿಕೊಳ್ಳುವುದುಂಟು. ನಮ್ಮ ಅಡುಗೆಮನೆಯ ನಿಜವಾದ ಅಪಾಯಗಳು ಮಾತ್ರ ನೋಡಲು ಸಾಧುವಾಗಿವೆ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ, ಬೇಯಿಸಿದರೂ ಒಣಗಿಸಿದರೂ ಅಷ್ಟೇ. ಅಮ್ಮನ ಸಾರಿನಲ್ಲಿ ಇವೆರಡೂ ಇಲ್ಲದ್ದು ಪಿಂಕಿಯ ಪುಣ್ಯ. ಮಡಿಯಿಂದ ನಾಯಿಗಾದ ಉಪಕಾರ ಇದೊಂದನ್ನು ನಾನು ಮಗಳ ಮುಂದೆ ಒಪ್ಪಿಕೊಳ್ಳುತ್ತೇನೆ. ಆದರೆ ದ್ರಾಕ್ಷಿ, ಒಣದ್ರಾಕ್ಷಿ ಮೂತ್ರಪಿಂಡಕ್ಕೆ ವಿಷ. ಅದು ನಮ್ಮಲ್ಲಿ ಕೇಸರಿಬಾತಿನಲ್ಲಿದೆ, ಪಾಯಸದಲ್ಲಿದೆ, ಸತ್ಯನಾರಾಯಣ ಪೂಜೆಯ ಸಪಾದಭಕ್ಷ್ಯದಲ್ಲಿದೆ. ಪ್ರಸಾದವನ್ನು ಮೂಕಪ್ರಾಣಿಗೆ ಇಲ್ಲವೆನ್ನಲಾಗದೆ ಅಮ್ಮ ಈಗ ದ್ರಾಕ್ಷಿ ಹಾಕುವ ಮುಂಚೆಯೇ ಒಂದು ಚಮಚ ತೆಗೆದಿಡುತ್ತಾಳೆ. ದೇವರಿಗೆ ನೈವೇದ್ಯವಾಗುವ ಮೊದಲು ನಾಯಿಯ ಪಾಲು! ಆತಕೂರಿನ ಗೊರವನನ್ನು ನೆನೆದು ನಾನು ಬಾಯಿ ಬಿಡುವುದಿಲ್ಲ.

ಪಾರ್ಕಿನ ಸಭೆ ಈಗಲೂ ನಡೆಯುತ್ತಿದೆ. ಯಾವ ಪಕ್ಷವೂ ಸೋತಿಲ್ಲ. ಕೇಳಿದವರಿಗೆ ನನ್ನ ಉತ್ತರ ಇಷ್ಟೇ. ಅನ್ನವೋ ಕಾಳೋ ಕೋಳಿಯೋ, ಅದನ್ನು ನಿಮ್ಮ ಮನೆಯ ರೂಢಿ, ಕೈಯಲ್ಲಿರುವ ಕಾಸು, ನಿಮ್ಮ ಪಶುವೈದ್ಯರು ಮೂವರೂ ಕೂತು ತೀರ್ಮಾನಿಸಲಿ. ನೀವು ಮಾತ್ರ ಇವತ್ತು ಸಂಜೆ ನಿಮ್ಮ ನಾಯಿ ಒಳ್ಳೆಯ ಮನಸ್ಸಿನಲ್ಲಿರುವ ಹೊತ್ತು ನೋಡಿಕೊಂಡು, ಮೆಲ್ಲಗೆ ಮೇಲ್ದುಟಿಯನ್ನು ಹಿಂದಕ್ಕೆ ಸರಿಸಿ, ಹಿಂದಿನ ದೊಡ್ಡ ಹಲ್ಲಿನ ಬುಡ ನೋಡಿ. ವಸಡು ಕೆಂಪಗಿದ್ದರೆ, ಹಲ್ಲು ಕಂದಾಗಿದ್ದರೆ, ಹೊಸ ಚೀಲ ಕೊಳ್ಳುವ ಮೊದಲು ಡಾಕ್ಟರಿಗೆ ತೋರಿಸಿ.